ಹಂಚಿನ ಬೆನ್ನು, ಮಣ್ಣಿನ ಗೋಡೆ

ಹಳೆ ಮನೆಯ ಮಾಡಿನ ಹಂಚು ತೆಗೆದಾಗ ಅದರ ಬೆನ್ನು ತಿರುಗಿಸಿ ನೋಡಿದ್ದೀರಾ? ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಬಾಸೆಲ್ ಮಿಶನ್ನಿನ ಹೆಸರು, ಜತೆಗೆ 1865 ಎಂಬ ಇಸವಿ ಅಚ್ಚಾಗಿರುತ್ತದೆ. ಅಷ್ಟಕ್ಕೇ ‘ನಮ್ಮದು ನೂರೈವತ್ತು ದಾಟಿದ ಮನೆ’ ಅಂತ ಹೇಳಿಕೊಂಡು ತಿರುಗಬೇಡಿ! ಅದು ಮಂಗಳೂರಿನಲ್ಲಿ ಆ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮುಂದೆಯೂ ಅದೇ ಇಸವಿಯನ್ನು ಒತ್ತುತ್ತಿದ್ದರು. ಮಿಶನ್ನಿನಲ್ಲಿ ಜರ್ಮನರು ಹೆಚ್ಚಿದ್ದ ಕಾರಣ 1914–18ರ ಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಾಮನ್‌ವೆಲ್ತ್ ಅಚ್ಚು ಇದ್ದರೆ ಹಂಚು ಆ ನಂತರದ್ದು.

ಹಂಚು ಹೇಳುವುದು ಮಾಡಿನ ವಯಸ್ಸು ಮಾತ್ರ. ಅದಕ್ಕೂ ಮೊದಲು ಮುಳಿಹುಲ್ಲೋ ಸೋಗೆಯೋ ಇದ್ದಿರಬಹುದು, ಗೋಡೆ ಅದರ ಕಾಲದ್ದೇ ಇರಬಹುದು.

ಈ ಗೋಡೆಯ ವಿಷಯದಲ್ಲೇ ನಾನು ಪೆಟ್ಟು ತಿಂದದ್ದು. ಕೆಂಪುಮಣ್ಣು ತುಳಿದು, ವರಸೆ ವರಸೆಯಾಗಿ ಇಟ್ಟು ಒಣಗಿಸಿ ಏರಿಸಿದ ಗೋಡೆ ನಮ್ಮದು. ಇಂಥ ಗೋಡೆ ಮಳೆಗಾಲದಲ್ಲಿ ಪಸೆ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. 2004ರಲ್ಲಿ, ಪಡುಗಾಳಿಯ ಮಳೆ ಹೊಡೆಯುತ್ತದೆಂದು ಆ ಬದಿಗೆ ಸಿಮೆಂಟಿನ ಗಾರೆ ಮಾಡಿಸಿದೆ. ನೋಡಲಿಕ್ಕೆ ಚಂದವೇ ಆಯಿತು. ಮೂರನೇ ಮಳೆಗಾಲಕ್ಕೆ ಗಾರೆ ಉಬ್ಬಿತು, ಬಡಿದರೆ ಡಬ್ ಡಬ್ ಸದ್ದು. ಕಿತ್ತು ನೋಡಿದರೆ ಒಳಗಿನ ಮಣ್ಣು ಹಸಿ ಸೆಗಣಿಯ ಹಾಗೆ! ನೆಲದಿಂದ ಏರಿದ ಪಸೆಗೆ ಹೊರಹೋಗಲು ದಾರಿಯೇ ಇರಲಿಲ್ಲ. ಆ ತಂಪಿನಲ್ಲೇ ವರಲೆ ಮೇಲೇರಿ ಹಲಸಿನ ದಾರಂದವನ್ನು ಅರ್ಧ ತಿಂದಿತ್ತು. ಅಜ್ಜ ಇಟ್ಟ ದಾರಂದ ಅದು.

ಗಾರೆ ಪೂರ್ತಿ ಕೀಳಿಸಿ ಒಂದು ಬೇಸಗೆ ಹಾಗೇ ಒಣಗಲು ಬಿಟ್ಟೆವು. ಮತ್ತೆ ಗಾಳಿಸಿದ ಮಣ್ಣಿಗೆ ಹೊಯಿಗೆ ಬೆರೆಸಿ ಮೆತ್ತಿದ್ದು. ಮೊದಲು ಮೊರದಗಲಕ್ಕೆ ಮೆತ್ತಿ ನೋಡಿ. ಒಣಗಿದಾಗ ಬಿರುಕು ಬಿಟ್ಟರೆ ಹೊಯಿಗೆ ಸಾಲದು, ಕೈಗೆ ಉದುರಿ ಬಂದರೆ ಹೆಚ್ಚಾಗಿದೆ ಅಂತ. ಮೇಲಿಂದ ಸುಣ್ಣ ಸಾಕು, ಪ್ಲಾಸ್ಟಿಕ್ ಪೈಂಟೂ ಸಿಮೆಂಟಿನ ತಮ್ಮನೇ. ಪಡುಬದಿಗೆ ಈಗ ಆಟಿ ತಿಂಗಳು ಕಳೆಯುವ ತನಕ ಸೋಗೆಯ ತಟ್ಟಿ ಕಟ್ಟುತ್ತೇವೆ. ಹಿಂದಿನವರು ಮಾಡುತ್ತಿದ್ದುದೂ ಇದನ್ನೇ.

ಆದರೆ ಗೋಡೆಗೆ ಏನು ಮಾಡಿದರೂ ಮಾಡು ಸೋರಿದರೆ ಪ್ರಯೋಜನವಿಲ್ಲ. ಒಡೆದ ಒಂದೇ ಹಂಚಿನ ನೀರು ಗೋಡೆಯ ತಲೆಗೆ ಬಿದ್ದರೆ ಪಕಾಸಿನ ತುದಿಯೂ ಗೋಡೆಯೂ ಒಟ್ಟಿಗೇ ಕುಂಬಾಗುತ್ತವೆ. ಪ್ರತಿ ಮೇ ತಿಂಗಳಲ್ಲಿ ಹಂಚಿಗೆ ಕೈಯಾಡಿಸಲೇಬೇಕು. ಇಲ್ಲೊಂದು ತೊಡಕು: ಒಂದು ಕಾರ್ಖಾನೆಯ ಹಂಚಿಗೆ ಇನ್ನೊಂದರ ಹಂಚು ಸರಿಯಾಗಿ ಕಚ್ಚುವುದಿಲ್ಲ, ಸಂದಿಯಲ್ಲಿ ಸೋರುತ್ತದೆ. ಹಾಗಾಗಿ ಊರಲ್ಲಿ ಯಾರಾದರೂ ಹಳೆ ಮನೆ ಕೆಡಹುತ್ತಾರೆಂದರೆ ಹೋಗಿ ಹಂಚಿನ ಬೆನ್ನು ನೋಡಿ. ನಿಮ್ಮದೇ ಅಚ್ಚಾದರೆ ಬಿಡಬೇಡಿ. ನಮ್ಮ ಕೊಟ್ಟಿಗೆಯ ಹಿಂದೆ ಅಂಥ ಇನ್ನೂರು ಹಂಚು ಪೇರಿಸಿಟ್ಟಿದ್ದೇನೆ.