ತರಗತಿಯಲ್ಲಿ ಎದ್ದು ನಿಂತವರು

ರುವಾಂಡಾ ದೇಶದ ಶಾಲೆಗಳಲ್ಲಿ, 1994ಕ್ಕೆ ಮುಂಚೆ, ಉಪಾಧ್ಯಾಯರು "ಹುಟುಗಳೆಲ್ಲ ಎದ್ದು ನಿಲ್ಲಿರಿ, ಇನ್ನು ತುತ್ಸಿಗಳು" ಎಂದು ಅಪ್ಪಣೆಯಿತ್ತು ಮಕ್ಕಳನ್ನು ಎಣಿಸಿಕೊಳ್ಳುವ ಪದ್ಧತಿಯಿದ್ದಿತು. ತಾನು ಯಾವ ಪಂಗಡಕ್ಕೆ ಸೇರಿದವನೆಂಬುದನ್ನೇ ಅರಿಯದ ಎಳೆಯ ಹುಡುಗನು ತಪ್ಪು ಸರದಿಯಲ್ಲಿ ಎದ್ದು, ಗದರಿಸಿಕೊಂಡು, ಮನೆಗೆ ಹೋಗಿ ಕೇಳಿ ಬರಬೇಕಾಗುತ್ತಿದ್ದುದೂ ಉಂಟು. ಒಂದೇ ಭಾಷೆಯನ್ನಾಡುತ್ತ, ಒಂದೇ ಗುಡ್ಡದ ಇಳಿಜಾರಿನಲ್ಲಿ ಬಾಳೆಯನ್ನೂ ಜೋಳವನ್ನೂ ಬೆಳೆಯುತ್ತ ಬಾಳಿದ ಜನರನ್ನು ಬೆಲ್ಜಿಯಂನ ಆಡಳಿತವು 1930ರ ದಶಕದಲ್ಲಿ ಗುರುತಿನ ಚೀಟಿಯ ಮೂಲಕ ಬೇರ್ಪಡಿಸಿತು. 1962ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಆ ಚೀಟಿ ಉಳಿಯಿತು, ಮುಂದೆ ಶಾಲೆಯ ಪ್ರವೇಶಕ್ಕೂ ಪಂಗಡವಾರು ಪಾಲು ಗೊತ್ತಾಯಿತು. ದ್ವೇಷವನ್ನು ಅಳಿಸಲು ವಿದ್ಯೆಯೊಂದೇ ಸಾಧನವೆಂದು ಸಭೆಗಳಲ್ಲಿ ಸಲೀಸಾಗಿ ನುಡಿಯುವ ನಮ್ಮಂಥವರು, ಆ ದೇಶದಲ್ಲಿ ದ್ವೇಷದ ಓನಾಮವನ್ನು ತಿದ್ದಿಸಿದ ಸ್ಥಳಗಳಲ್ಲಿ ಶಾಲೆಯೂ ಒಂದೆಂಬುದನ್ನು ಮರೆಯಲಾಗದು.

ಈ ಪಾಲಿನ ಪದ್ಧತಿಯನ್ನು ತೆಗೆದುಹಾಕಿದವರು ಅಗಾಥೆ ಉವಿಲಿಂಗಿಯಿಮಾನಾ ಎಂಬ ಮಹಿಳೆ. ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಈಕೆ 1992ರಲ್ಲಿ ಶಿಕ್ಷಣಮಂತ್ರಿಣಿಯಾಗಿ, ಸರ್ಕಾರಿ ಶಾಲೆಗಳ ಪ್ರವೇಶಕ್ಕೆ ಅರ್ಹತೆಯೊಂದನ್ನೇ ಮಾನದಂಡವಾಗಿ ವಿಧಿಸಿದರು. ಸ್ವತಃ ಹುಟು ಪಂಗಡಕ್ಕೆ ಸೇರಿದ್ದರೂ ಉಗ್ರವಾದಿಗಳ ಕಣ್ಣಿಗೆ ಅವರು ದ್ರೋಹಿಯಾದರು. ಮರುವರ್ಷ ಪ್ರಧಾನಮಂತ್ರಿಯ ಪದವಿಗೇರಿದ ಅವರನ್ನು 1994ರ ಏಪ್ರಿಲ್ 7ರಂದು, ತುತ್ಸಿಗಳ ನರಮೇಧವು ಮೊದಲಾದ ದಿನವೇ, ಸೈನಿಕರು ಕೊಂದರು. ಅನಂತರದ ಸುಮಾರು ನೂರು ದಿನಗಳಲ್ಲಿ ಹತರಾದವರು ಎಂಟು ಲಕ್ಷವೆಂದು ವಿಶ್ವಸಂಸ್ಥೆಯ ಅಂದಾಜು, ಹತ್ತು ಲಕ್ಷಕ್ಕೂ ಮಿಗಿಲೆಂದು ರುವಾಂಡಾ ಸರ್ಕಾರದ ಲೆಕ್ಕ. ತುತ್ಸಿಗಳನ್ನು ಜಿರಲೆಗಳೆಂದು ರೇಡಿಯೋ ಕರೆಯಿತು. ದಾರಿದಾರಿಗೆ ಅಡ್ಡಗಟ್ಟಿದ ತಡೆಗಳಲ್ಲಿ ಆ ಹಳೆಯ ಗುರುತಿನ ಚೀಟಿಯನ್ನೇ ಕೇಳಿ ಪಡೆದು ಕತ್ತಿ ಬೀಸಿದರು.

ಇಂತಹುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು? ಲಕ್ಷಗಳ ಲೆಕ್ಕದಿಂದ ಬಾಲಮನಸ್ಸಿಗೆ ತಟ್ಟುವುದು ಅತ್ಯಲ್ಪ. ಕಿಗಾಲಿಯ ಗಿಸೋಜಿ ಗುಡ್ಡದ ಮೇಲೆ 2004ರಲ್ಲಿ ತೆರೆದ ಸ್ಮಾರಕವನ್ನು ರೂಪಿಸಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಸಮಾಧಿಯಿರುವ ಆ ಸ್ಥಳದ ಒಂದು ಭಾಗ ಮಕ್ಕಳಿಗೆ ಮೀಸಲು. ಅಲ್ಲಿ ಒಂದೊಂದು ಮಗುವಿನ ಭಾವಚಿತ್ರದ ಕೆಳಗೆ ವಯಸ್ಸು, ಇಷ್ಟದ ತಿನಿಸು, ನೆಚ್ಚಿನ ಆಟ, ಪ್ರಾಣದ ಗೆಳೆಯ ಇವುಗಳನ್ನು ಬರೆದು, ಕಡೆಯ ಸಾಲಿನಲ್ಲಿ ಸತ್ತ ಬಗೆಯನ್ನು ನಮೂದಿಸಿದ್ದಾರೆ. ಕಾಲ್ಚೆಂಡೆಂದರೆ ಜೀವ ಬಿಡುತ್ತಿದ್ದವನೊಬ್ಬನ ವಿಷಯವನ್ನು ಅದೇ ವಯಸ್ಸಿನ ಇನ್ನೊಬ್ಬ ಹುಡುಗ ನಿಂತು ಓದುವಾಗ ಉಪಾಧ್ಯಾಯರು ವ್ಯಾಖ್ಯಾನಕ್ಕೆ ತೊಡಗದಿರುವುದೇ ಲೇಸು.

ಶೋಕವು ಮಾತ್ರವೇ ಪಾಠವಾಗಲಾರದೆಂಬುದಕ್ಕೆ ನ್ಯಾಂಗೆ ಎಂಬ ಊರಿನ ಪ್ರೌಢಶಾಲೆ ಸಾಕ್ಷಿ. ನರಮೇಧ ಮುಗಿದು ಮೂರು ವರ್ಷಗಳಾಗುತ್ತ ಬಂದಿದ್ದ 1997ರ ಮಾರ್ಚ್ 18ರ ರಾತ್ರಿ, ಊಟ ಮುಗಿಸಿ ಓದುತ್ತ ಕುಳಿತಿದ್ದ ಹಿರಿಯ ತರಗತಿಗಳ ವಿದ್ಯಾರ್ಥಿಗಳ ಮೇಲೆ ಸಶಸ್ತ್ರ ಬಂಡುಕೋರರು ನುಗ್ಗಿ, ಹುಟುಗಳು ಒಂದು ಕಡೆಗೆ, ತುತ್ಸಿಗಳು ಇನ್ನೊಂದು ಕಡೆಗೆ ಸರಿಯಬೇಕೆಂದು ಆಜ್ಞಾಪಿಸಿದರು. ನಾವೆಲ್ಲರೂ ರುವಾಂಡಾದವರೆಂದು ಹೇಳಿ ಅವರು ಬೇರ್ಪಡಲೊಪ್ಪಲಿಲ್ಲ. ಬಂದೂಕೂ ಕೈಬಾಂಬೂ ಸಿಡಿದವು. ಕೆಲವರು ಮಡಿದರು, ಬದುಕಿದವರಲ್ಲಿ ಅನೇಕರು ಅಂಗವಿಕಲರಾದರು. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಪ್ರಾಣವುಳಿಸಿಕೊಳ್ಳಬಹುದಾಗಿದ್ದ ಹುಟು ಮಕ್ಕಳೂ ಕದಲದೆ ಕುಳಿತುದು ಈ ಘಟನೆಯ ತಿರುಳು. ಆ ದೇಶದ ವೀರರ ಪಟ್ಟಿಯಲ್ಲಿ ಈ ವಿದ್ಯಾರ್ಥಿಗಳೂ ಅಗಾಥೆಯವರೂ ಒಂದೇ ಶ್ರೇಣಿಯಲ್ಲಿದ್ದಾರೆ; ಪ್ರತಿವರ್ಷ ಫೆಬ್ರವರಿ 1ರಂದು ಅವರೆಲ್ಲರನ್ನು ಸ್ಮರಿಸುತ್ತಾರೆ.

ನರಮೇಧದ ಬಳಿಕ ಹಲವು ವರ್ಷಗಳ ಕಾಲ ರುವಾಂಡಾದ ಶಾಲೆಗಳು ದೇಶದ ಇತಿಹಾಸದ ಬೋಧನೆಯನ್ನೇ ನಿಲ್ಲಿಸಿದ್ದವು. ಯಾರ ಇತಿಹಾಸವನ್ನು, ಯಾರ ಬಾಯಿಂದ ಹೇಳಿಸಬೇಕೆಂಬುದು ಬಗೆಹರಿದಿರಲಿಲ್ಲ. 2015ರಲ್ಲಿ ಬಂದ ಹೊಸ ಪಠ್ಯಕ್ರಮವು ನರಮೇಧದ ಅಧ್ಯಯನವನ್ನೂ ಶಾಂತಿಶಿಕ್ಷಣವನ್ನೂ ಎಲ್ಲ ವಿಷಯಗಳ ಬೋಧನೆಯಲ್ಲಿ ಹಾಸುಹೊಕ್ಕಾಗಿಸಲು ಯತ್ನಿಸಿತು. ಇದು ಶ್ಲಾಘ್ಯವೇ ಸರಿ. ಆದರೆ ನರಮೇಧದ ಸಿದ್ಧಾಂತವನ್ನು ಪ್ರಚೋದಿಸುವ ಮಾತಿಗೆ ಕಠಿಣ ಶಿಕ್ಷೆ ವಿಧಿಸುವ ಕಾನೂನು ಅಲ್ಲಿದೆ. ಅದರ ಅಂಚು ಎಲ್ಲಿಯವರೆಗೆ ಚಾಚಿದೆಯೆಂಬ ಅಳುಕಿನಿಂದ, ವಿದ್ಯಾರ್ಥಿಯು ಎತ್ತುವ ಇಕ್ಕಟ್ಟಿನ ಪ್ರಶ್ನೆಯನ್ನು ಬದಿಗಿಟ್ಟು ಪುಸ್ತಕದ ವಾಕ್ಯವನ್ನೇ ಒಪ್ಪಿಸಿ ಮುಂದೆ ಸಾಗುವ ಉಪಾಧ್ಯಾಯರು ಇದ್ದಾರೆ. ಪ್ರಶ್ನೆಗೆ ಅಂಜುವ ತರಗತಿಯು ನ್ಯಾಂಗೆಯ ಮಕ್ಕಳನ್ನು ಕೊಂಡಾಡಬಲ್ಲುದೇ ಹೊರತು ಅಂಥವರನ್ನು ಬೆಳೆಸಬಲ್ಲುದೇ ಎಂಬುದರಲ್ಲಿ ನನಗೆ ಸಂದೇಹವಿದೆ.

ಆ ಪ್ರಶ್ನೆಗಳಾದರೋ ಮುಗಿಯುವಂಥವಲ್ಲ. ಗಚಾಚಾ ಎಂಬ ಊರ ನ್ಯಾಯಕೂಟಗಳು 2012ರಲ್ಲಿ ಕೆಲಸ ಮುಗಿಸುವ ವೇಳೆಗೆ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ವಿಚಾರಿಸಿದ್ದವು. ಅಂದು ದೀರ್ಘ ಶಿಕ್ಷೆ ಹೊತ್ತವರು ಈಗ ಅವಧಿ ತೀರಿ ಒಬ್ಬೊಬ್ಬರಾಗಿ ತಮ್ಮ ಗುಡ್ಡಗಳಿಗೆ ಮರಳುತ್ತಿದ್ದಾರೆ. ಅವರ ಮೊಮ್ಮಕ್ಕಳೂ, ಅವರ ಕೈಯಲ್ಲಿ ಹತರಾದವರ ಮನೆಯ ಮಕ್ಕಳೂ ಓದುವುದು ಆ ಊರ ಶಾಲೆಯಲ್ಲಿಯೇ.