ನಿಮಗಿದು ಗೊತ್ತೆ? ಕೊಳೆರೋಗಕ್ಕೆ ಕಡಲಿನ ನಂಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಬೆಳೆಗಾರರ ನಿದ್ದೆಗೆಡಿಸುವ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಜೀವಿ. ನಾವು ಅದನ್ನು ಶಿಲೀಂಧ್ರವೆಂದೇ ಕರೆಯುತ್ತೇವೆ. ಆದರೆ ಅದು ನಿಜವಾದ ಶಿಲೀಂಧ್ರವಲ್ಲ. ಅಣಬೆಗಿಂತ ಕಡಲಿನ ಕಂದು ಪಾಚಿಗೇ ಹತ್ತಿರದ ಸಂಬಂಧಿ!

ಈ ನಂಟು ಬೆಳೆ ರಕ್ಷಣೆಗೂ ಉಪಯೋಗಕ್ಕೆ ಬರುತ್ತದೆ. ಲ್ಯಾಮಿನೇರಿಯಾ ಎಂಬ ಕಂದು ಪಾಚಿಯಲ್ಲಿರುವ ಲ್ಯಾಮಿನಾರಿನ್ ಒಂದು ಬಗೆಯ ಗ್ಲುಕಾನ್ ಸಕ್ಕರೆ ಸರಪಳಿ. ಫೈಟಾಫ್ತೊರಾದ ಕೋಶಭಿತ್ತಿಯಲ್ಲೂ ಇಂಥದೇ ಗ್ಲುಕಾನ್ ಇದೆ. ಪಾಚಿಯ ಸಾರ ಎಲೆಗೆ ತಾಕಿದಾಗ ಗಿಡ ಅದನ್ನು ಶತ್ರುವಿನ ಸುಳಿವೆಂದು ತಿಳಿದು, ರೋಗ ಬರುವ ಮೊದಲೇ ರಕ್ಷಣೆಯ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಸಾರ ತಾನಾಗಿ ರೋಗಾಣುವನ್ನು ಕೊಲ್ಲುವುದಿಲ್ಲ, ಗಿಡವನ್ನು ಎಚ್ಚರಿಸುತ್ತದೆ. ಯುರೋಪಿನಲ್ಲಿ ಲ್ಯಾಮಿನಾರಿನ್ ಬೆಳೆ ರಕ್ಷಣೆಗೆ ಬಳಕೆಯಲ್ಲಿದೆ.

ನಮ್ಮಲ್ಲಿ ಸಿಗುವ ಪಾಚಿ ದ್ರಾವಣಗಳಲ್ಲಿ ಹಲವು ಕಂದು ಪಾಚಿಯವಲ್ಲ, ತಮಿಳುನಾಡಿನ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯವು. 2021ರಲ್ಲಿ ಕೇಂದ್ರ ಸರ್ಕಾರ ಇಂಥ ಸಾರಗಳನ್ನು ಜೈವಿಕ ಉತ್ತೇಜಕಗಳೆಂದು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿತು. ಕೀಟನಾಶಕ, ಶಿಲೀಂಧ್ರನಾಶಕಗಳ ಕಾನೂನೇ ಬೇರೆ. ಹಾಗಾಗಿ ಮಾರಾಟಗಾರರು ಪಾಚಿ ದ್ರಾವಣವನ್ನು ಕೊಳೆರೋಗದ ಮದ್ದೆಂದು ಕೊಟ್ಟರೆ ದಯವಿಟ್ಟು ಲೇಬಲ್ ಓದಿ.

ಮಲೆನಾಡಿನ ಜಡಿಮಳೆಯಲ್ಲಿ ಗೊನೆ ಕಾಯುವುದು ಇಂದಿಗೂ ಶೇ 1ರ ಬೋರ್ಡೋ ದ್ರಾವಣವೇ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಇದನ್ನು ಅಡಿಕೆಗೆ ಪರಿಚಯಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್.