ಹೂಡಿಯ ಮಗಳ ಮನೆಯಿಂದ ಕಬ್ಬನ್ ಪಾರ್ಕಿಗೆ

ಹೂಡಿಯ ಮಗಳ ಮನೆಗೆ ಬಂದ ಅಪ್ಪ-ಅಮ್ಮ ಬೆಂಗಳೂರು ನೋಡಬೇಕೆಂದರೆ ಅವಳ ರಜೆಗೇ ಕಾಯಬೇಕಿತ್ತು. ವೈಟ್‌ಫೀಲ್ಡ್ ಕಡೆಯ ಟ್ರಾಫಿಕ್ ಅಂಥದ್ದು.

2023ರ ಮಾರ್ಚ್‌ನಲ್ಲಿ ಹೂಡಿಗೆ ಮೆಟ್ರೊ ಬಂತು, ಆದರೆ ಕೆ.ಆರ್. ಪುರದವರೆಗಷ್ಟೇ. ಅದೇ ಅಕ್ಟೋಬರ್ 9ರಂದು ಅಲ್ಲಿಂದ ಬೈಯಪ್ಪನಹಳ್ಳಿಗೆ ಕೊಂಡಿ ಕೂಡಿತು. ಈಗ ನೇರಳೆ ಮಾರ್ಗದಲ್ಲಿ ಹತ್ತಿ ಕೂತರೆ, ನೇರ ಕಬ್ಬನ್ ಪಾರ್ಕ್!

ಅವಸರ ಬೇಡ. ತಿಂಡಿ ಮನೆಯಲ್ಲೇ ಆಗಲಿ, ಮಗಳು ಲಾಗಿನ್ ಆಗಲಿ. ಆಫೀಸಿನವರ ನೂಕುನುಗ್ಗಲು ಕರಗಿದ ಮೇಲೆ ಹೊರಟರಾಯಿತು. 1870ರ ಉದ್ಯಾನದಲ್ಲಿ ಬಿದಿರು ಮೆಳೆಗಳ ನೆರಳಿದೆ. 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಗೋಡೆಗಳೊಳಗೆ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ನಡೆದು ದಣಿದವರು ಅಲ್ಲಿ ಓದುತ್ತಾ ಕೂರಬಹುದು.

ಲಾಲ್‌ಬಾಗ್ ಇನ್ನೊಂದು ದಿನಕ್ಕಿರಲಿ. ಅದಕ್ಕೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬೇಕು.

ಸಂಜೆ ಐದರೊಳಗೆ ಹೂಡಿಗೆ ಮರಳಿದರೆ ಐಟಿ ಕಂಪನಿಗಳು ಬಿಡುವ ಹೊತ್ತಿನ ದಟ್ಟಣೆಯೂ ತಪ್ಪುತ್ತದೆ.